ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಿಂದ ಪರಮಾಣುವಿನ ಅಳತೆಯವರೆಗೆ

ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರು ರಸಾಯನಶಾಸ್ತ್ರದ ಪುಸ್ತಕ ತೆರೆದ ಕೂಡಲೇ ದ್ರವ್ಯ, ಮಾನಗಳು, ಸಾರ್ಥಕ ಅಂಕಿಗಳು, ಪರಮಾಣು ರಾಶಿ, ಮೋಲ್ ಎಂದು ಹತ್ತಾರು ವ್ಯಾಖ್ಯೆಗಳು ಸಾಲುಗಟ್ಟಿ ಎದುರಾಗುತ್ತವೆ. ಅವನ್ನು ಬಾಯಿಪಾಠ ಮಾಡಿ ಮುಂದಿನ ಅಧ್ಯಾಯಕ್ಕೆ ಓಡುವವರೇ ಹೆಚ್ಚು. ಇದು ದೊಡ್ಡ ನಷ್ಟ. ಕಣ್ಣಿಗೆ ಕಾಣುವ ವಸ್ತುವನ್ನು ತೂಗಿ, ಅಳೆದು, ಕಣ್ಣಿಗೆ ಕಾಣದ ಪರಮಾಣುವಿನ ಲೆಕ್ಕ ಹಿಡಿಯುವ ವಿದ್ಯೆ ಇರುವುದು ಆ ಅಧ್ಯಾಯದಲ್ಲಿಯೇ. ಅದನ್ನು ಒಮ್ಮೆ ಕೈಯಾರೆ ಮಾಡಿದರೆ ವ್ಯಾಖ್ಯೆಗಳಿಗಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಒಮ್ಮೆಲೇ ಇಂಗ್ಲಿಷ್ ಪಠ್ಯಕ್ಕೆ ಬಂದು ಕಂಗಾಲಾದ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಓದುವ ಮೊದಲು ಒಂದು ಸಂಜೆ ಕುಳಿತು ಅಳೆಯಿರಿ.

ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆ ಎಷ್ಟು ದಪ್ಪ, ಆ ದಪ್ಪದಲ್ಲಿ ಎಷ್ಟು ಪರಮಾಣುಗಳು ಹಿಡಿಸುತ್ತವೆ, ಒಂದೊಂದು ಪರಮಾಣು ಎಷ್ಟು ದೊಡ್ಡದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಕಂಡುಹಿಡಿಯೋಣ. ಬೇಕಾಗುವುದು ಹಾಳೆಯ ಒಂದು ಸುರುಳಿ, ಉಕ್ಕಿನ ಅಳತೆಪಟ್ಟಿ, ಕತ್ತರಿ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ದಾರ ಮತ್ತು ಗಟ್ಟಿ ಅಲ್ಯೂಮಿನಿಯಂನ ಒಂದು ತುಂಡು. ತುಂಡಿಗಾಗಿ ಅಲ್ಯೂಮಿನಿಯಂ ಕಿಟಕಿ, ಬಾಗಿಲು ಮಾಡುವ ಅಂಗಡಿಗೆ ಹೋಗಿ. ಕತ್ತರಿಸಿ ಉಳಿದ ಚೂರುಗಳು ಅಲ್ಲಿ ರಾಶಿ ಬಿದ್ದಿರುತ್ತವೆ.

ತಕ್ಕಡಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆಮನೆಯ ತಕ್ಕಡಿ 2.67 ಗ್ರಾಂ ಹಾಳೆಗೂ 3 ಎನ್ನುತ್ತದೆ, 3.4 ಗ್ರಾಂ ಹಾಳೆಗೂ 3 ಎನ್ನುತ್ತದೆ. ಸರಿಯಾದ ತಕ್ಕಡಿ ಸಿಗದಿದ್ದರೆ ಹಾಳೆಯನ್ನು ಕತ್ತರಿಸಿ ಮಡಚಿಕೊಂಡು ಪರಿಚಯದ ಚಿನ್ನದ ಅಂಗಡಿಗೆ ಒಯ್ಯಿರಿ. ಅಲ್ಲಿನ ತಕ್ಕಡಿ ಮಿಲಿಗ್ರಾಂವರೆಗೂ ಹೇಳುತ್ತದೆ.

ಮೊದಲು, ಕೈಯಲ್ಲಿರುವುದು ಏನು?

ದ್ರವ್ಯರಾಶಿ ಇದ್ದು ಜಾಗ ಆಕ್ರಮಿಸುವುದೆಲ್ಲ ದ್ರವ್ಯ. ಇಷ್ಟು ಸಾಕು, ಮುಂದಕ್ಕೆ ಹೋಗೋಣ. ಹಾಳೆ ಧಾತುವೋ, ಸಂಯುಕ್ತವೋ, ಮಿಶ್ರಣವೋ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. "ಅಲ್ಯೂಮಿನಿಯಂ ಅಲ್ಲವೇ, ಧಾತು" ಎಂದು ಥಟ್ಟನೆ ಉತ್ತರ ಬರುತ್ತದೆ. ನಿಜವಾಗಿ ಅಡುಗೆಮನೆಯ ಹಾಳೆ ಮಿಶ್ರಲೋಹ. ನೂರರಲ್ಲಿ 97ರಿಂದ 99 ಪಾಲು ಅಲ್ಯೂಮಿನಿಯಂ, ಉಳಿದದ್ದರಲ್ಲಿ ಮುಖ್ಯವಾಗಿ ಕಬ್ಬಿಣ ಮತ್ತು ಸಿಲಿಕಾನ್. ಅಷ್ಟು ತೆಳ್ಳಗೆ ಲಟ್ಟಿಸಿದರೂ ಹರಿಯದಂತೆ ಬಲ ಬರಲಿ ಎಂದು ಅವು ಸೇರಿರುತ್ತವೆ. ಎಲ್ಲಿ ಕತ್ತರಿಸಿದರೂ ಸಂಯೋಜನೆ ಒಂದೇ ಆದ್ದರಿಂದ ನಮ್ಮ ಮಟ್ಟಿಗೆ ಇದು ಸಮರೂಪ ಮಿಶ್ರಣ. ಇದರ ಮೇಲೆ ಇನ್ನೊಂದು ವಸ್ತುವೂ ಇದೆ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಆಮ್ಲಜನಕದೊಡನೆ ಸೇರಿ ಅಲ್ಯೂಮಿನಿಯಂ ಆಕ್ಸೈಡ್ ಎಂಬ ಸಂಯುಕ್ತವಾಗುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಆ ಪೊರೆಯೇ ಒಳಗಿನ ಲೋಹವನ್ನು ಕಾಯುತ್ತದೆ. ಹೀಗೆ ಧಾತು, ಮಿಶ್ರಣ, ಸಂಯುಕ್ತ ಮೂರೂ ಒಂದೇ ಹಾಳೆಯಲ್ಲಿ ಸಿಕ್ಕಿದವು.

ಹಾಳೆಯ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕಾಗಿದೆ. ಅಡುಗೆಗೆ ಯಾವ ಮೈ ಒಳಗಿರಬೇಕು ಎಂದು ಮನೆಗಳಲ್ಲಿ ವಾದವೇ ನಡೆಯುತ್ತದೆ. ಎರಡೂ ಮೈ ಒಂದೇ ಲೋಹ. ಕಾರ್ಖಾನೆಯಲ್ಲಿ ಕೊನೆಯ ಸಲ ಲಟ್ಟಿಸುವಾಗ ಎರಡು ಹಾಳೆಗಳನ್ನು ಜೋಡಿಸಿ ಉರುಳೆಗಳ ನಡುವೆ ಹಾಯಿಸುತ್ತಾರೆ. ನಯವಾದ ಉರುಳೆಗೆ ತಾಗಿದ ಮೈ ಹೊಳಪು ಪಡೆಯುತ್ತದೆ, ಜೋಡಿ ಹಾಳೆಗೆ ತಾಗಿದ್ದು ಮಂಕಾಗಿ ಉಳಿಯುತ್ತದೆ.

ಚಿಪ್ಸ್ ಪೊಟ್ಟಣದ ಒಳಗಿನ ಬೆಳ್ಳಿ ಬಣ್ಣದ ಹಾಳೆಯನ್ನು ಈ ಪ್ರಯೋಗಕ್ಕೆ ಬಳಸಬೇಡಿ. ಅದು ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್.

ಎರಡನೆಯ ಹಂತ: ಉದ್ದ, ಅಗಲ

ಸುರುಳಿಯಿಂದ 30.0 ಸೆಂ.ಮೀ. ಉದ್ದ, 30.0 ಸೆಂ.ಮೀ. ಅಗಲದ ಚೌಕ ಕತ್ತರಿಸಿ. ಸುಕ್ಕು ಇರಬಾರದು, ಮೇಜಿನ ಮೇಲೆ ಹರಡಿ ಒಣ ಬಟ್ಟೆಯಿಂದ ಮೆಲ್ಲಗೆ ಸವರಿ. ಅಳತೆಪಟ್ಟಿಯ ತುದಿ ಸವೆದಿದ್ದರೆ 1 ಸೆಂ.ಮೀ. ಗೆರೆಯಿಂದ ಅಳೆಯಲು ಆರಂಭಿಸಿ, ಕೊನೆಗೆ 1 ಕಳೆಯಿರಿ. ಕಣ್ಣು ಗೆರೆಯ ನೇರ ಮೇಲಿರಲಿ. ಓರೆಯಾಗಿ ನೋಡಿದರೆ ಒಂದು ಮಿಲಿಮೀಟರ್ ಸುಲಭವಾಗಿ ಆಚೀಚೆ ಆಗುತ್ತದೆ.

30 ಎಂದು ಬರೆಯದೆ 30.0 ಎಂದು ಬರೆದದ್ದನ್ನು ಗಮನಿಸಿ. ಆ ಸೊನ್ನೆ ಅಲಂಕಾರಕ್ಕಲ್ಲ. ಮಿಲಿಮೀಟರ್ ಗೆರೆಯವರೆಗೂ ನೋಡಿದ್ದೇನೆ, ಅಲ್ಲಿ ಸೊನ್ನೆಯೇ ಇತ್ತು ಎಂದು ಓದುಗನಿಗೆ ಕೊಡುವ ಮಾತು ಅದು. ಸಾರ್ಥಕ ಅಂಕಿಗಳ ನಿಯಮಗಳೆಲ್ಲ ಹುಟ್ಟಿದ್ದು ಈ ಪ್ರಾಮಾಣಿಕತೆಯಿಂದ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಡಿಮೆ ಇರಬಹುದು, ಪ್ರಯೋಗಾಲಯದಲ್ಲಿ ಅದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

ಮೂರನೆಯ ಹಂತ: ತೂಕ

ಫ್ಯಾನ್ ಆರಿಸಿ. ಇದನ್ನು ಮರೆತವರ ತಕ್ಕಡಿ ಕೊನೆಯ ಅಂಕಿಯನ್ನು ಹಿಡಿದು ನಿಲ್ಲಿಸುವುದೇ ಇಲ್ಲ. ಕೈ ಒಣಗಿರಲಿ, ಎಣ್ಣೆಯ ಬೆರಳಿನ ಗುರುತು ಹಾಳೆಗೆ ಅಂಟಬಾರದು. ಹಾಳೆಯನ್ನು ತಟ್ಟೆಯ ಆಚೆ ಚಾಚದಂತೆ ಚಿಕ್ಕದಾಗಿ ಮಡಚಿ, ತಕ್ಕಡಿಯನ್ನು ಸೊನ್ನೆಗೆ ತಂದು ಇಡಿ. ತೆಗೆಯಿರಿ, ಸೊನ್ನೆಗೆ ಮರಳಿತೇ ನೋಡಿ, ಮತ್ತೆ ಇಡಿ. ಹೀಗೆ ಮೂರು ಸಲ ಮಾಡಿ. ಇಲ್ಲಿ ಉದಾಹರಣೆಗೆ 2.67 ಗ್ರಾಂ ಬಂತು ಎಂದುಕೊಳ್ಳೋಣ.

ಮೂರು ಸಲವೂ ಒಂದೇ ಸಂಖ್ಯೆ ಬಂದರೆ ಅದು ಸರಿಯಾದ ಸಂಖ್ಯೆಯೇ ಆಗಬೇಕೆಂದಿಲ್ಲ. ಕೆಟ್ಟ ತಕ್ಕಡಿ ಪ್ರತಿ ಸಲವೂ ಒಂದೇ ತಪ್ಪನ್ನು ತೋರಿಸಬಲ್ಲದು. ಆದ್ದರಿಂದ ಔಷಧದ ಅಂಗಡಿಯ 10 ಮಿ.ಲೀ. ಸಿರಿಂಜಿನಿಂದ ನೀರು ಹಾಕಿ ಪರೀಕ್ಷಿಸಿ. ಕೋಣೆಯ ಉಷ್ಣತೆಯಲ್ಲಿ ಅಷ್ಟು ನೀರು ಹತ್ತಿರ ಹತ್ತಿರ 9.97 ಗ್ರಾಂ ತೂಗಬೇಕು. ಸಿರಿಂಜಿನ ಗೆರೆಯೂ ತುಸು ಆಚೀಚೆ ಇರುತ್ತದೆ, ಹಾಗಾಗಿ ಇದು ಒರಟು ಪರೀಕ್ಷೆ. ತಕ್ಕಡಿ 9 ಅಥವಾ 11 ಗ್ರಾಂ ತೋರಿಸಿದರೆ ಮಾತ್ರ ಅದನ್ನು ಪಕ್ಕಕ್ಕಿಡಿ.

ಗ್ರಾಂ ಎಂದರೆ ಎಷ್ಟು ಎಂದು ಜಗತ್ತೆಲ್ಲ ಒಪ್ಪಿಕೊಂಡ ಕತೆ ಸ್ವಾರಸ್ಯದ್ದು. 1889ರಿಂದ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಕಾಪಿಟ್ಟ ಪ್ಲಾಟಿನಂ-ಇರಿಡಿಯಂ ಉರುಳೆಯೊಂದೇ ಕಿಲೋಗ್ರಾಂ ಆಗಿತ್ತು. ಅದರ ಪ್ರತಿಗಳು ದೇಶದೇಶಕ್ಕೆ ಹೋದವು. 57ನೆಯ ಪ್ರತಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಂ ಯಾವ ಲೋಹದ ತುಂಡನ್ನೂ ನೆಚ್ಚಿಕೊಂಡಿಲ್ಲ. ಪ್ರಕೃತಿಯ ಮೂಲ ಸಂಖ್ಯೆಗಳಲ್ಲೊಂದಾದ ಪ್ಲಾಂಕ್ ಸ್ಥಿರಾಂಕಕ್ಕೆ ಒಂದು ಖಚಿತ ಬೆಲೆ ಕೊಟ್ಟು ಅದರಿಂದ ಕಿಲೋಗ್ರಾಂ ಅನ್ನು ಪಡೆಯುತ್ತಾರೆ. ಮೋಲ್ ಕೂಡ ಅಂದೇ ಬದಲಾಯಿತು. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ನಾಲ್ಕನೆಯ ಹಂತ: ಸಾಂದ್ರತೆಯನ್ನು ನೀವೇ ಅಳೆಯಿರಿ

ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂ.ಮೀ.ಗೆ 2.70 ಗ್ರಾಂ ಎಂದು ಪುಸ್ತಕದಲ್ಲಿದೆ. ಅದನ್ನು ನಂಬಿ ಮುಂದೆ ಹೋಗಬಹುದು. ಆದರೆ ಅಳೆಯುವ ವಿಧಾನ ಎಷ್ಟು ಸೊಗಸಾಗಿದೆಯೆಂದರೆ ಬಿಟ್ಟು ಹೋಗಲು ಮನಸ್ಸಾಗದು.

ಕಿಟಕಿ ಅಂಗಡಿಯ ತುಂಡನ್ನು ಮೊದಲು ಒಣದಾಗಿ ತೂಗಿ. 21.62 ಗ್ರಾಂ ಬಂತೆನ್ನೋಣ. ಈಗ ತಕ್ಕಡಿಯ ಮೇಲೆ ಮುಕ್ಕಾಲು ತುಂಬಿದ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ತಕ್ಕಡಿ ಲೋಟದ ಭಾರ ಹೊರಬಲ್ಲದೇ ಎಂದು ಮೊದಲೇ ನೋಡಿಕೊಳ್ಳಿ. ತುಂಡಿಗೆ ತೆಳು ದಾರ ಕಟ್ಟಿ, ದಾರವನ್ನು ಕೈಯಲ್ಲೇ ಹಿಡಿದು, ತುಂಡು ಪೂರ್ತಿ ಮುಳುಗುವಂತೆ ಇಳಿಬಿಡಿ. ಅದು ತಳಕ್ಕೂ ಅಂಚಿಗೂ ತಾಗಬಾರದು. ತುಂಡಿನ ಭಾರ ನಿಮ್ಮ ಕೈಯಲ್ಲಿದೆ, ಆದರೂ ತಕ್ಕಡಿಯ ಅಂಕಿ ಏರುತ್ತದೆ. ನೀರು ತುಂಡನ್ನು ಮೇಲಕ್ಕೆ ಎತ್ತುವಷ್ಟೇ ಬಲದಿಂದ ತುಂಡು ನೀರನ್ನು ಕೆಳಕ್ಕೆ ಒತ್ತುತ್ತದೆ. ಆ ಬಲ ಎಷ್ಟೆಂದರೆ ತುಂಡು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು. ಉದಾಹರಣೆಗೆ 7.99 ಗ್ರಾಂ ತೋರಿಸಿದರೆ ಸರಿದ ನೀರು ಅಷ್ಟು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಂದ್ರತೆ 0.997 ಆದ್ದರಿಂದ ಅದರ ಗಾತ್ರ 8.01 ಘನ ಸೆಂ.ಮೀ., ತುಂಡಿನ ಗಾತ್ರವೂ ಅದೇ. 21.62ನ್ನು 8.01ರಿಂದ ಭಾಗಿಸಿದರೆ 2.70.

ಇಲ್ಲಿ ಕೈ ಕೊಡುವುದು ಗಾಳಿಗುಳ್ಳೆ. ತುಂಡಿನ ಮೂಲೆಯಲ್ಲಿ ಕಡಲೆ ಗಾತ್ರದ ಗುಳ್ಳೆ ಅಂಟಿಕೊಂಡರೂ ಗಾತ್ರ ಹೆಚ್ಚಾಗಿ, ಸಾಂದ್ರತೆ ಕಡಿಮೆಯಾಗಿ ಬರುತ್ತದೆ. ನೀರಿನೊಳಗೆ ತುಂಡನ್ನು ಅಲ್ಲಾಡಿಸಿ ಗುಳ್ಳೆ ಬಿಡಿಸಿ, ಮೂರು ನಾಲ್ಕು ಸಲ ಅಳೆಯಿರಿ. ಸಂಖ್ಯೆಗಳು 2.68ರಿಂದ 2.72ರೊಳಗೆ ಹರಡಿಕೊಂಡಿದ್ದರೆ 2.70, ಹೆಚ್ಚುಕಡಿಮೆ 0.02 ಎಂದು ಬರೆದುಕೊಳ್ಳಿ. ಹಾಳೆಯನ್ನೇ ಮುದ್ದೆ ಮಾಡಿ ಮುಳುಗಿಸಬಾರದೇ ಎಂದು ಕೇಳುವವರಿಗೂ ಉತ್ತರ ಇದೇ: ಮಡಿಕೆಗಳ ತುಂಬ ಗಾಳಿ ಸಿಕ್ಕಿಕೊಳ್ಳುತ್ತದೆ.

ಐದನೆಯ ಹಂತ: ದಪ್ಪ, ಮತ್ತು ಕ್ಯಾಲ್ಕುಲೇಟರಿಗೆ ಕಡಿವಾಣ

ಹಾಳೆಯ ಗಾತ್ರ ಎಂದರೆ ದ್ರವ್ಯರಾಶಿಯನ್ನು ಸಾಂದ್ರತೆಯಿಂದ ಭಾಗಿಸಿದ್ದು, 2.67 ÷ 2.70 = 0.989 ಘನ ಸೆಂ.ಮೀ. ಅದನ್ನು 900 ಚದರ ಸೆಂ.ಮೀ. ವಿಸ್ತೀರ್ಣದಿಂದ ಭಾಗಿಸಿದರೆ ದಪ್ಪ. ನಡುವೆ ಎಲ್ಲಿಯೂ ಅಂಕಿ ಮೊಟಕುಗೊಳಿಸದೆ ಕ್ಯಾಲ್ಕುಲೇಟರಿನಲ್ಲಿ ಮಾಡಿದರೆ 0.00109876543 ಎಂದು ಬರುತ್ತದೆ. 9, 8, 7, 6, 5, 4, 3 ಎಂದು ಮೆಟ್ಟಿಲಿಳಿಯುವ ಆ ಸಾಲು ನೋಡಲು ಚೆಂದ. ಆದರೆ ಅದರಲ್ಲಿ ಹೆಚ್ಚಿನವು ನಾವು ಅಳೆದವಲ್ಲ, ಯಂತ್ರ ತುಂಬಿದ ಅಂಕಿಗಳು.

ಎಷ್ಟು ನಂಬಬಹುದು ಎಂದು ಲೆಕ್ಕ ಹಾಕಿ. ತೂಕದಲ್ಲಿ 2.67ಕ್ಕೆ 0.01 ಸಂದೇಹ, ಎಂದರೆ ಶೇಕಡ 0.4. ಉದ್ದ, ಅಗಲದಲ್ಲಿ ಒಂದೊಂದು ಮಿಲಿಮೀಟರ್, ತಲಾ ಶೇಕಡ 0.3. ಸಾಂದ್ರತೆಯಲ್ಲಿ ಶೇಕಡ 0.7. ಎಲ್ಲವೂ ಒಂದೇ ದಿಕ್ಕಿಗೆ ತಪ್ಪಿದರೂ ಒಟ್ಟು ಶೇಕಡ 1.7. ಹಾಗಾಗಿ ದಪ್ಪ 0.00110 ಸೆಂ.ಮೀ., ಅಂದರೆ 11.0 ಮೈಕ್ರಾನ್, ಹೆಚ್ಚುಕಡಿಮೆ 0.2. ಬರೆಯಬೇಕಾದ್ದು ಇಷ್ಟೇ. ಸಂದೇಹ ಹೆಚ್ಚಾಗಿ ಸಾಂದ್ರತೆಯಿಂದಲೇ ಬಂದಿದೆ ಎಂಬುದೂ ಇದರಿಂದ ತಿಳಿಯಿತು. ಇನ್ನೂ ಉತ್ತಮ ಉತ್ತರ ಬೇಕೆಂದರೆ ದುಬಾರಿ ಅಳತೆಪಟ್ಟಿ ಕೊಂಡು ಪ್ರಯೋಜನವಿಲ್ಲ, ಗಾಳಿಗುಳ್ಳೆಯ ಕಡೆ ಗಮನ ಕೊಡಬೇಕು. ತಪ್ಪಿನ ಲೆಕ್ಕ ಹಾಕುವುದು ತಪ್ಪೊಪ್ಪಿಗೆಗಲ್ಲ. ಮುಂದಿನ ಶ್ರಮ ಎಲ್ಲಿ ಹಾಕಬೇಕು ಎಂದು ತಿಳಿಯುವುದಕ್ಕೆ.

ತೆಳು ವಸ್ತುಗಳ ದಪ್ಪ ಅಳೆಯುವ ಕಾಲೇಜಿನ ಸ್ಕ್ರೂಗೇಜಿನಿಂದ ತಾಳೆ ನೋಡಬಹುದು. ಅದು ತೋರಿಸುವ ಅತಿ ಚಿಕ್ಕ ಅಳತೆ ಸಾಮಾನ್ಯವಾಗಿ 0.01 ಮಿ.ಮೀ., ಅಂದರೆ 10 ಮೈಕ್ರಾನ್. ಒಂದೇ ಪದರ ಇಟ್ಟರೆ ಒಂದು ಗೆರೆ ಸರಿದೀತು, ಅಷ್ಟೇ. ಹಾಳೆಯನ್ನು ನಾಲ್ಕು ಸಲ ಮಡಚಿ 16 ಪದರ ಮಾಡಿ ಅಳೆದು ಭಾಗಿಸಿ. ಪದರಗಳ ನಡುವಿನ ಗಾಳಿಯಿಂದಾಗಿ ಉತ್ತರ ತುಸು ಹೆಚ್ಚೇ ಬರುತ್ತದೆ.

ಆರನೆಯ ಹಂತ: ಎಣಿಕೆ

ಈಗ ಪರಮಾಣುವಿನ ಕಡೆಗೆ. ಅಲ್ಯೂಮಿನಿಯಂನ ಪರಮಾಣು ಸಂಖ್ಯೆ 13, ಅಂದರೆ ಬೀಜದಲ್ಲಿ 13 ಪ್ರೋಟಾನ್‌ಗಳು. ಜೊತೆಗೆ 14 ನ್ಯೂಟ್ರಾನ್‌ಗಳು. ಪ್ರಕೃತಿಯಲ್ಲಿ ಸ್ಥಿರವಾಗಿ ಉಳಿದಿರುವ ಅಲ್ಯೂಮಿನಿಯಂ ಈ ಒಂದೇ ಬಗೆಯದು. ಆದ್ದರಿಂದ ಅದರ ಪರಮಾಣು ರಾಶಿ 26.98, ಪೂರ್ಣಾಂಕ 27ಕ್ಕೆ ಬಲು ಹತ್ತಿರ. ಕ್ಲೋರಿನ್ ಹಾಗಲ್ಲ. ಅದರಲ್ಲಿ ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ) 35 ಮತ್ತು 37 ಇರುವ ಎರಡು ಸಮಸ್ಥಾನಿಗಳು, ಅಂದರೆ ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾದ ಪರಮಾಣುಗಳು, ಸುಮಾರು ಮೂರಕ್ಕೊಂದರಂತೆ ಬೆರೆತಿವೆ. ಹಾಗಾಗಿ ಸರಾಸರಿ 35.45 ಎಂದು ನಡುವೆ ಎಲ್ಲೋ ನಿಲ್ಲುತ್ತದೆ. 35.45 ತೂಗುವ ಕ್ಲೋರಿನ್ ಪರಮಾಣು ಒಂದೂ ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಮೋಲ್ ಎಂದರೆ 6.02214076 × 10²³ ಕಣಗಳು. 2019ರ ಬದಲಾವಣೆಯ ನಂತರ ಇದು ಅಳೆದ ಸಂಖ್ಯೆಯಲ್ಲ, ನಿಗದಿಪಡಿಸಿದ ಸಂಖ್ಯೆ. ಅದರಲ್ಲಿ ಸಂದೇಹವೇ ಇಲ್ಲ. 26.98 ಗ್ರಾಂ ಅಲ್ಯೂಮಿನಿಯಂನಲ್ಲಿ ಒಂದು ಮೋಲ್ ಪರಮಾಣುಗಳಿರುತ್ತವೆ. ನಮ್ಮ 2.67 ಗ್ರಾಂನಲ್ಲಿ 2.67 ÷ 26.98 = 0.0990 ಮೋಲ್, ಅಂದರೆ 5.96 × 10²² ಪರಮಾಣುಗಳು. ಹಾಳೆಯಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಬೇರೆ ಧಾತುಗಳಿರುವುದರಿಂದ ಮೂರನೆಯ ಅಂಕಿಯ ಮೇಲೆ ಹೆಚ್ಚು ಭಾರ ಹಾಕಬೇಡಿ.

ಏಳನೆಯ ಹಂತ: ಒಂದು ಪರಮಾಣು ಎಷ್ಟು ದೊಡ್ಡದು?

0.989 ಘನ ಸೆಂ.ಮೀ. ಜಾಗವನ್ನು 5.96 × 10²² ಪರಮಾಣುಗಳಿಗೆ ಹಂಚಿದರೆ ತಲಾ 1.66 × 10⁻²³ ಘನ ಸೆಂ.ಮೀ. ಇದನ್ನು ಪುಟ್ಟ ಘನಾಕೃತಿಯ ಪೆಟ್ಟಿಗೆ ಎಂದು ಭಾವಿಸಿ ಘನಮೂಲ ತೆಗೆಯಿರಿ. ಬಾಹು 2.55 × 10⁻⁸ ಸೆಂ.ಮೀ., ಅಂದರೆ 255 ಪೈಕೋಮೀಟರ್. ಇಂಥ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ನಮ್ಮ ಹಾಳೆಯ ದಪ್ಪಕ್ಕೆ ಸುಮಾರು 43 ಸಾವಿರ ಬೇಕು.

ಈಗ ದತ್ತಾಂಶ ಪುಸ್ತಕ ತೆಗೆದು ನೋಡಿ. ಅಲ್ಯೂಮಿನಿಯಂನ ಲೋಹೀಯ ತ್ರಿಜ್ಯ 143 ಪೈಕೋಮೀಟರ್ ಎಂದಿದೆ, ಅಂದರೆ ವ್ಯಾಸ 286. ನಮಗೆ ಬಂದದ್ದು 255. ವ್ಯತ್ಯಾಸ ಶೇಕಡ 11, ನಮ್ಮ ಅಳತೆಯ ಸಂದೇಹಕ್ಕಿಂತ ಎಷ್ಟೋ ಪಾಲು ಹೆಚ್ಚು. ತಪ್ಪು ತಕ್ಕಡಿಯದಲ್ಲ ಎಂದು ಐದನೆಯ ಹಂತದ ಲೆಕ್ಕದ ಬಲದಿಂದ ಧೈರ್ಯವಾಗಿ ಹೇಳಬಹುದು. ಹಾಗಾದರೆ ತಪ್ಪಿರುವುದು ನಮ್ಮ ಕಲ್ಪನೆಯಲ್ಲಿ. ಪರಮಾಣುಗಳು ಪೆಟ್ಟಿಗೆಗಳಂತೆ ನೇರ ಸಾಲಿನಲ್ಲಿ ಕುಳಿತಿಲ್ಲ. ಹಣ್ಣಿನ ಅಂಗಡಿಯಲ್ಲಿ ಮೋಸಂಬಿ ಪೇರಿಸಿದಂತೆ, ಕೆಳಸಾಲಿನ ಮೂರರ ನಡುವಿನ ತಗ್ಗಿನಲ್ಲಿ ಮೇಲಿನದೊಂದು ಕುಳಿತಿದೆ. ಹೀಗೆ ಒತ್ತಾಗಿ ಜೋಡಿಸಿದಾಗ ಗೋಳಗಳು ಒಟ್ಟು ಜಾಗದ ಶೇಕಡ 74ನ್ನು ತುಂಬುತ್ತವೆ. ಈ ಜೋಡಣೆಗೆ ಲೆಕ್ಕ ಸರಿಪಡಿಸಲು ಘನಮೂಲ ತೆಗೆಯುವ ಮೊದಲು ಒಂದು ಪರಮಾಣುವಿನ ಪಾಲಿನ ಗಾತ್ರವನ್ನು 1.414ರಿಂದ ಗುಣಿಸಬೇಕು. 1.66 × 1.414 = 2.35; 2.35 × 10⁻²³ರ ಘನಮೂಲ 2.86 × 10⁻⁸ ಸೆಂ.ಮೀ. ಅಂದರೆ 286 ಪೈಕೋಮೀಟರ್. ಎಕ್ಸ್-ಕಿರಣಗಳಿಂದ ಅಳೆದ ಅದೇ ಸಂಖ್ಯೆ ಲೋಟದ ನೀರು ಮತ್ತು ದಾರದಿಂದ ಬಂತು!

ಸೂಕ್ಷ್ಮವಾಗಿ ಗಮನಿಸಿದವರಿಗೆ ಒಂದು ಪ್ರಶ್ನೆ ಎದ್ದಿರಬೇಕು. ಹಾಳೆಯ ತೂಕ ಗಾತ್ರದಲ್ಲೂ ಇದೆ, ಪರಮಾಣುಗಳ ಸಂಖ್ಯೆಯಲ್ಲೂ ಇದೆ, ಭಾಗಿಸಿದಾಗ ಹೊಡೆದುಹೋಗುತ್ತದೆ. ನಿಜ. ಪರಮಾಣುವಿನ ಅಳತೆಗೆ ಸಾಂದ್ರತೆ ಮತ್ತು ಪರಮಾಣು ರಾಶಿ ಇದ್ದರೆ ಸಾಕು. ಹಾಳೆ ಬೇಕಾದದ್ದು ಪದರಗಳ ಲೆಕ್ಕಕ್ಕೆ.

ಮೋಲ್‌ನ ಸಂಖ್ಯೆ ನಿಗದಿಯಾಗುವ ಮುನ್ನ, ಇದೇ ದಾರಿಯನ್ನು ಹಿಂದುಮುಂದಾಗಿ ನಡೆದು ವಿಜ್ಞಾನಿಗಳು ಅವಗಾಡ್ರೊ ಸಂಖ್ಯೆಯನ್ನು, ಅಂದರೆ ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆಯನ್ನು, ಅಳೆದರು. ಶೇಕಡ 99.99ಕ್ಕೂ ಹೆಚ್ಚು ಸಿಲಿಕಾನ್-28 ಇರುವ, ಸುಮಾರು ಒಂದು ಕಿಲೋಗ್ರಾಂ ತೂಕದ ಗೋಳವನ್ನು ಉಜ್ಜಿ ನುಣುಪಾಗಿಸಿ, ಅದರ ರಾಶಿ, ವ್ಯಾಸ ಮತ್ತು ಪರಮಾಣುಗಳ ನಡುವಿನ ಅಂತರ ಅಳೆದು, ಒಳಗಿರುವ ಪರಮಾಣುಗಳನ್ನು ಎಣಿಸಿದರು. ಅವರೂ ಗೋಳದ ಮೇಲಿನ ಆಕ್ಸೈಡ್ ಪೊರೆಯ ಲೆಕ್ಕವನ್ನು ಬೇರೆಯಾಗಿ ಇಡಬೇಕಾಯಿತು.

ನೆರೆಹೊರೆಯ ಧಾತುಗಳು

ಇಷ್ಟು ಕೈಗೆ ಬಂದ ಮೇಲೆ ಆವರ್ತಕ ಕೋಷ್ಟಕದ ಒಂದು ಸಾಲನ್ನು ಹೊಸ ಕಣ್ಣಿನಿಂದ ನೋಡಿ. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಅಕ್ಕಪಕ್ಕದವು. ಪರಮಾಣು ರಾಶಿ 22.99, 24.31, 26.98 ಎಂದು ಮೆಲ್ಲಗೆ ಏರುತ್ತದೆ. ಸಾಂದ್ರತೆ ಮಾತ್ರ 0.97, 1.74, 2.70 ಎಂದು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ರಾಶಿಯನ್ನು ಸಾಂದ್ರತೆಯಿಂದ ಭಾಗಿಸಿದರೆ ಒಂದು ಮೋಲ್‌ಗೆ ಬೇಕಾದ ಜಾಗ ಸಿಗುತ್ತದೆ: 23.7, 14.0, 10.0 ಘನ ಸೆಂ.ಮೀ. ಪರಮಾಣುಗಳು ಭಾರವಾದದ್ದಕ್ಕಿಂತ ಹೆಚ್ಚಾಗಿ ಕುಗ್ಗಿವೆ. ತ್ರಿಜ್ಯಗಳೂ 186, 160, 143 ಪೈಕೋಮೀಟರ್ ಎಂದು ಇಳಿಯುತ್ತವೆ. ಬೀಜದಲ್ಲಿ ಪ್ರೋಟಾನ್ 11, 12, 13 ಎಂದು ಹೆಚ್ಚಿದಂತೆ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಒಳಕ್ಕೆ ಸೆಳೆಯುವ ಬಲ ಹೆಚ್ಚುತ್ತದೆ. ಹೊಸದಾಗಿ ಸೇರುವ ಎಲೆಕ್ಟ್ರಾನ್ ಅದೇ ಕವಚಕ್ಕೆ ಸೇರುವುದರಿಂದ ಆ ಸೆಳೆತಕ್ಕೆ ಹೆಚ್ಚು ಅಡ್ಡಿಯಾಗುವುದಿಲ್ಲ. ಆವರ್ತದಲ್ಲಿ ಎಡದಿಂದ ಬಲಕ್ಕೆ ಪರಮಾಣು ಗಾತ್ರ ಕಡಿಮೆಯಾಗುತ್ತದೆ ಎಂದು ಒಂದು ಸಾಲಿನಲ್ಲಿ ಓದಿ ಮರೆಯುವ ವಿಷಯ ಇದೇ. ಸೋಡಿಯಂ ಅನ್ನು ಮನೆಯಲ್ಲಿ ಅಳೆಯುವ ಯೋಚನೆ ಖಂಡಿತ ಬೇಡ. ನೀರು ತಾಗಿದರೆ ಅದು ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಬಹುದು.

ಮನೆಯಲ್ಲಿ ಮುಂದಿನ ಅಳತೆಗೆ ತಾಮ್ರ ಆರಿಸಿಕೊಳ್ಳಿ. ವಿದ್ಯುತ್ ಕೆಲಸದವರ ಬಳಿ ಸಿಗುವ ದಪ್ಪ ತಾಮ್ರದ ತಂತಿಯ ಪ್ಲಾಸ್ಟಿಕ್ ಕವಚ ಸುಲಿದು, ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಒರೆಸಿ, ಸುರುಳಿ ಸುತ್ತಿ ನೀರಿಗೆ ಇಳಿಬಿಡಿ. ಸಾಂದ್ರತೆ 8.96ರ ಆಸುಪಾಸು ಬರಬೇಕು. ಪರಮಾಣು ರಾಶಿ 63.55 ಇಟ್ಟು, 1.414ರ ಗುಣಾಕಾರದೊಡನೆ ಲೆಕ್ಕ ಮಾಡಿದರೆ ವ್ಯಾಸ 255 ಪೈಕೋಮೀಟರ್, ತ್ರಿಜ್ಯ 128, ಪುಸ್ತಕದಲ್ಲಿರುವುದೂ ಅದೇ. ಅಲ್ಯೂಮಿನಿಯಂಗಿಂತ ಎರಡು ಪಟ್ಟಿಗೂ ಹೆಚ್ಚು ಭಾರದ ಪರಮಾಣು, ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು.

ಆಮೇಲೆ ಕಬ್ಬಿಣದ ಮೊಳೆಗಳನ್ನು ತೆಗೆದುಕೊಳ್ಳಿ. ಸಾಂದ್ರತೆ 7.87, ರಾಶಿ 55.85. ಇದೇ ಸೂತ್ರದಲ್ಲಿ 255 ಬರುತ್ತದೆ, ಪುಸ್ತಕ 248 ಎನ್ನುತ್ತದೆ. ಇಲ್ಲಿಯೂ ತಕ್ಕಡಿಯನ್ನು ದೂರಬೇಡಿ. ಕೋಣೆಯ ಉಷ್ಣತೆಯಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬೇರೆ: ಘನದ ಎಂಟು ಮೂಲೆಗಳಲ್ಲಿ ಎಂಟು, ನಟ್ಟನಡುವೆ ಒಂದು. 1.414ರ ಬದಲು 1.30ರಿಂದ ಗುಣಿಸಿ, 248 ಸಿಗುತ್ತದೆ. ಅದೇ ಕಬ್ಬಿಣವನ್ನು 912 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿದರೆ ಪರಮಾಣುಗಳು ಜಾಗ ಬದಲಿಸಿ ಅಲ್ಯೂಮಿನಿಯಂನ ಜೋಡಣೆಗೇ ಬರುತ್ತವೆ. ಆಗ ಬಳಸಬೇಕಾದದ್ದು ಮತ್ತೆ 1.414.